ನೆರಳು ಅಳೆದು ಭೂಮಿಯ ಸುತ್ತಳತೆ: ಬೀದರ್–ಬೆಂಗಳೂರು ಜೋಡಿಗೆ ಕೋಲು ಹೇಗಿರಬೇಕು?

ಕೋಟೆಯೂರು (ಪ್ರಶ್ನೆ)

ಬೀದರಿನಲ್ಲಿ ಎಂಟು, ಒಂಬತ್ತನೇ ತರಗತಿಯ ಮಕ್ಕಳದೊಂದು ವಿಜ್ಞಾನ ಗುಂಪಿದೆ. ಏಪ್ರಿಲ್ 24 ಅಥವಾ 25ರ ನಡುಹಗಲಿಗೆ ಬೆಂಗಳೂರಿನಲ್ಲಿ ಸೂರ್ಯ ನೆತ್ತಿಯ ಮೇಲೆ ಬರುತ್ತದೆ, ನೆಟ್ಟ ಕೋಲಿಗೆ ನೆರಳೇ ಇರುವುದಿಲ್ಲ. ಅದೇ ಹೊತ್ತಿಗೆ ಬೀದರಿನ ನೆರಳು ಅಳೆದು, ಎರಡೂರಿನ ನಡುವಿನ ದೂರ ಹಾಕಿ, ಪ್ರಾಚೀನ ಗ್ರೀಕ್ ವಿದ್ವಾಂಸ ಎರಟೋಸ್ಥೆನಿಸ್ ಮಾಡಿದ ಹಾಗೆ ಭೂಮಿಯ ಸುತ್ತಳತೆ ತೆಗೆಯಬೇಕೆಂದಿದ್ದೇವೆ. ಬೆಂಗಳೂರಿನ ಒಂದು ಶಾಲೆ ಜೊತೆಗಿದೆ. ಮಂಗಳೂರಿನ ಒಂದು ಶಾಲೆಯೂ ಸೇರಿಕೊಳ್ಳುತ್ತೇವೆ ಎಂದಿದೆ.

ತೊಡಕಿರುವುದು ಅಳತೆಯಲ್ಲಿ. ತಾರಸಿಯ ಮೇಲೆ ಒಂದು ಮೀಟರ್ ಪಿವಿಸಿ ಪೈಪು ನಿಲ್ಲಿಸಿದರೆ ನೆರಳಿನ ತುದಿ ಮಸುಕು ಮಸುಕು. ಮೂವರು ಮಕ್ಕಳು ಮೂರು ಕಡೆ ಗುರುತು ಹಾಕುತ್ತಾರೆ. ಗುರುತುಗಳ ನಡುವೆ ಹತ್ತಿರ ಹತ್ತಿರ ಒಂದು ಸೆಂಟಿಮೀಟರ್ ಅಂತರ. ಪೈಪನ್ನು ಎರಡು ಮೀಟರ್ ಮಾಡಿದರೆ ಸರಿಹೋದೀತೆ? ಅಳತೆಯನ್ನು ಸರಿಯಾಗಿ 12 ಗಂಟೆಗೇ ಮಾಡಬೇಕೆ? ಆ ದಿನ ಮೋಡವಾದರೆ, ಬೆಂಗಳೂರಿನಲ್ಲಿ ಸೂರ್ಯ ಮತ್ತೆ ನೆತ್ತಿಯ ಮೇಲೆ ಬರುವ ಆಗಸ್ಟ್ 18ರವರೆಗೆ ಕಾಯಬೇಕೆ? ಮಕ್ಕಳಿಗೆ ತ್ರಿಕೋನಮಿತಿ ಬರುವುದಿಲ್ಲ, ಅದಕ್ಕೆ ಏನು ದಾರಿ?

ತೂಕಗುಂಡು

ಪೈಪು ಎರಡು ಮೀಟರ್ ಮಾಡಿದರೆ ನೆರಳಿನ ಜೊತೆಗೆ ಮಸುಕೂ ಎರಡರಷ್ಟಾಗುತ್ತದೆ. ಸೂರ್ಯ ಆಕಾಶದಲ್ಲಿ ಚುಕ್ಕೆಯಲ್ಲ, ಸುಮಾರು 0.53 ಡಿಗ್ರಿ ಅಗಲದ ಬಿಲ್ಲೆ. ಕೋಲಿನ ತುದಿ ಬಿಲ್ಲೆಯ ಅರ್ಧವನ್ನು ಮರೆಮಾಡಿದ್ದಾಗಲೂ ಉಳಿದರ್ಧ ಬೆಳಕು ಚೆಲ್ಲುತ್ತಲೇ ಇರುತ್ತದೆ. ಸೂರ್ಯ ನೆತ್ತಿಯ ಹತ್ತಿರ ಇರುವಾಗ ಕೋಲಿನ ಎತ್ತರವನ್ನು 108ರಿಂದ ಭಾಗಿಸಿದರೆ ಮಸುಕಿನ ಅಗಲ ಸಿಗುತ್ತದೆ. ಒಂದು ಮೀಟರ್ ಕೋಲಿಗೆ ಅದು 9.3 ಮಿ.ಮೀ. ನಿಮ್ಮ ಮೂವರು ಮಕ್ಕಳೂ ಆ ಪಟ್ಟಿಯೊಳಗೇ ಗುರುತು ಹಾಕಿದ್ದಾರೆ, ಯಾರ ತಪ್ಪೂ ಅಲ್ಲ. ನಿಜವಾದ ತುದಿ ಇರುವುದು ಮಸುಕಿನ ನಡುಮಧ್ಯದಲ್ಲಿ. ಆದರೆ ಕಣ್ಣು ಕಪ್ಪು ಮುಗಿಯುವ ಕಡೆಯೇ ನಿಲ್ಲುತ್ತದೆ, ಹಾಗಾಗಿ ನೆರಳು ಇರುವುದಕ್ಕಿಂತ ಗಿಡ್ಡ ಎಂದು ದಾಖಲಾಗುತ್ತದೆ. ಏಪ್ರಿಲ್ 24ರಂದು ಬೀದರಿನಲ್ಲಿ ಒಂದು ಮೀಟರ್ ಕೋಲಿನ ನೆರಳು ಸುಮಾರು 86 ಮಿ.ಮೀ. ಮಾತ್ರ. ಅದರಲ್ಲಿ 4 ಮಿ.ಮೀ. ಕಡಿಮೆ ಓದಿದರೆ ಭೂಮಿಯ ಸುತ್ತಳತೆ ಸುಮಾರು 1,900 ಕಿ.ಮೀ. ಉಬ್ಬುತ್ತದೆ.

ಇದಕ್ಕಿಂತ ದೊಡ್ಡ ಕಳ್ಳ ಕೋಲಿನ ವಾಲಿಕೆ. ಮಳೆನೀರು ಹರಿದುಹೋಗಲೆಂದು ಯಾವ ತಾರಸಿಯನ್ನೂ ಪೂರ್ತಿ ಮಟ್ಟವಾಗಿ ಕಟ್ಟುವುದಿಲ್ಲ. ನೂರಕ್ಕೆ ಒಂದರಷ್ಟು ಇಳಿಜಾರು ಸಾಮಾನ್ಯ, ಅಂದರೆ 0.57 ಡಿಗ್ರಿ. ಮೂಲೆಮಟ್ಟ ಇಟ್ಟು ಕೋಲನ್ನು ನೆಲಕ್ಕೆ ಲಂಬವಾಗಿ ನಿಲ್ಲಿಸಿದಿರಿ ಅನ್ನಿ. ಇಳಿಜಾರು ಉತ್ತರಕ್ಕೋ ದಕ್ಷಿಣಕ್ಕೋ ಇದ್ದರೆ ನೆರಳಿನಲ್ಲಿ 10 ಮಿ.ಮೀ. ತಪ್ಪು ಕೂತಿತು. 86ರಲ್ಲಿ 10! ಮಸುಕನ್ನು ಎಷ್ಟು ಚೆನ್ನಾಗಿ ಓದಿದರೂ ಇದು ಹೋಗುವುದಿಲ್ಲ, ಹತ್ತು ಸಲ ಅಳೆದು ಸರಾಸರಿ ತೆಗೆದರೂ ಹೋಗುವುದಿಲ್ಲ.

ಆದ್ದರಿಂದ ನನ್ನ ಸಲಹೆ: ಕೋಲು ಬಿಡಿ, ತೂತು ಹಿಡಿಯಿರಿ.

ಗಟ್ಟಿ ಮೇಜಿನ ಕಾಲುಗಳ ಕೆಳಗೆ ಇಟ್ಟಿಗೆ ಕೊಟ್ಟು ಎತ್ತರವನ್ನು ಮೀಟರಿನ ಹತ್ತಿರಕ್ಕೆ ತನ್ನಿ. ಮೇಲೆ ಒಂದು ಹಲಗೆಯಿಟ್ಟು, ಅದು ಉತ್ತರದ ಕಡೆ ಒಂದೂವರೆ ಅಡಿ ಹೊರಚಾಚುವಂತೆ ಮಾಡಿ, ಒಳತುದಿಯ ಮೇಲೆ ಎರಡು ಇಟ್ಟಿಗೆ ಹೇರಿ. ಚಾಚಿದ ತುದಿಗೆ 30 ಸೆಂ.ಮೀ. ಚೌಕದ ದಪ್ಪ ರಟ್ಟು ಅಂಟಿಸಿ, ರಟ್ಟಿನ ನಡುವೆ 4 ಸೆಂ.ಮೀ. ಕಿಟಕಿ ಕತ್ತರಿಸಿ. ತಂಪುಪಾನೀಯದ ಅಲ್ಯೂಮಿನಿಯಂ ಡಬ್ಬಿಯಿಂದ ಕತ್ತರಿಸಿದ ತಗಡಿನಲ್ಲಿ 3 ಮಿ.ಮೀ. ತೂತು ಹೊಡೆದು ಆ ಕಿಟಕಿಗೆ ಟೇಪು ಹಾಕಿ ಕೂರಿಸಿ. ತಗಡಿನ ಅಂಚು ಕೈ ಕೊಯ್ಯುತ್ತದೆ, ಅದನ್ನು ದೊಡ್ಡವರು ಮಾಡಲಿ. ತೂತು ಪೂರ್ತಿ ದುಂಡಗಿರಬೇಕೆಂದಿಲ್ಲ. ಚೌಕ ತೂತಾದರೂ ಒಂದು ಮೀಟರ್ ಕೆಳಗೆ ಬೀಳುವುದು ದುಂಡನೆಯ ಬೆಳಕೇ, ಯಾಕೆಂದರೆ ಅದು ತೂತಿನ ಆಕಾರವಲ್ಲ, ಸೂರ್ಯನ ಬಿಂಬ. ಬಿಂಬ 9.3 ಮಿ.ಮೀ., ತೂತಿನ 3 ಸೇರಿ ಸುಮಾರು 12 ಮಿ.ಮೀ. ಅಗಲದ ಬಿಲ್ಲೆ, ರಟ್ಟಿನ ನೆರಳಿನ ನಡುವೆ ಎದ್ದು ಕಾಣುತ್ತದೆ.

ಇದರ ಮಧ್ಯಬಿಂದು ಹಿಡಿಯುವುದು ಸುಲಭ. ಪಾರದರ್ಶಕ ಪ್ಲಾಸ್ಟಿಕ್ ಹಾಳೆಯ ಮೇಲೆ 12 ಮಿ.ಮೀ. ವೃತ್ತ ಬರೆದು, ಕೇಂದ್ರದಲ್ಲಿ ಸೂಜಿಯಿಂದ ಚುಚ್ಚಿ. ವೃತ್ತವನ್ನು ಬೆಳಕಿನ ಬಿಲ್ಲೆಯ ಮೇಲೆ ಸರಿಯಾಗಿ ಕೂರಿಸಿ, ತೂತಿನ ಮೂಲಕ ಕೆಳಗಿನ ಕಾಗದಕ್ಕೆ ಪೆನ್ಸಿಲ್ ಮೊನೆ ಒತ್ತಿದರೆ ಆಯಿತು. ಎಂಟನೇ ತರಗತಿಯ ಮಕ್ಕಳೂ ಅರ್ಧ ಮಿಲಿಮೀಟರಿನೊಳಗೆ ಗುರುತು ಹಾಕಬಲ್ಲರು.

ಇನ್ನು ವಾಲಿಕೆಯ ಪ್ರಶ್ನೆ. ಇಲ್ಲಿ ನೆಟ್ಟಗೆ ನಿಲ್ಲಿಸಬೇಕಾದ ವಸ್ತುವೇ ಇಲ್ಲ. ಗಾರೆ ಕೆಲಸದವರ ಬಳಿ ಮೊನೆಯಿರುವ ತೂಕಗುಂಡು ಒಂದು ದಿನದ ಮಟ್ಟಿಗೆ ಕಡ ತನ್ನಿ. ತೂತಿನ ಮೇಲೆ ಬೆಂಕಿಕಡ್ಡಿ ಅಡ್ಡವಿಟ್ಟು, ದಾರ ತೂತಿನ ನಟ್ಟನಡುವಿನಿಂದ ಇಳಿಯುವ ಹಾಗೆ ಗುಂಡು ಬಿಡಿ. ಮೊನೆ ಕಾಗದ ತಾಗುವ ಕಡೆ ಗುರುತು ಹಾಕಿ, ಅದೇ ನಿಮ್ಮ ‘ಬುಡ’. ತೂತಿನಿಂದ ಬುಡದವರೆಗೆ ಸ್ಟೀಲ್ ಟೇಪಿನಲ್ಲಿ ಅಳೆದದ್ದು ‘ಎತ್ತರ’. 1003 ಮಿ.ಮೀ. ಬಂದರೆ 1003 ಎಂದೇ ಬರೆದುಕೊಳ್ಳಿ, ದುಂಡುಸಂಖ್ಯೆ ಮಾಡುವ ಆಸೆ ಬೇಡ. ಹೀಗೆ ಮಾಡಿದಾಗ ತಾರಸಿಯ ಅದೇ ಇಳಿಜಾರಿನಿಂದ ಏಪ್ರಿಲ್ 24ರ ಅಳತೆಯಲ್ಲಿ ಬರುವ ತಪ್ಪು 0.1 ಮಿ.ಮೀ.ಗಿಂತ ಕಡಿಮೆ. 10 ಎಲ್ಲಿ, 0.1 ಎಲ್ಲಿ.

ಗಾಳಿಗೆ ಗುಂಡು ತೂಗಾಡುತ್ತದೆ. ಮೂರು ಕಡೆ ರಟ್ಟಿನ ಪೆಟ್ಟಿಗೆ ಮರೆ ಕೊಡಿ. ಬುಡದ ಗುರುತನ್ನು ಅಳತೆಗೆ ಮೊದಲು ಒಮ್ಮೆ, ಮುಗಿದ ಮೇಲೆ ಇನ್ನೊಮ್ಮೆ ಹಾಕಿ. ಎರಡರ ನಡುವೆ 1 ಮಿ.ಮೀ.ಗಿಂತ ಹೆಚ್ಚು ಅಂತರ ಬಂದರೆ ಯಾರೋ ಮೇಜಿಗೆ ಒರಗಿದ್ದಾರೆ ಎಂದೇ ಅರ್ಥ. ಆ ದಿನದ ಲೆಕ್ಕ ಬಿಟ್ಟುಬಿಡುವುದು ಮೇಲು.

ರೇಖಾಂಶ77

ಸಾಧನದ ಬಗ್ಗೆ ಮೇಲಿನವರು ಹೇಳಿದ್ದಕ್ಕೆ ನಾನು ಸೇರಿಸುವುದೇನಿಲ್ಲ. ಹೊತ್ತು ಮತ್ತು ದಿನದ ಬಗ್ಗೆ ಹೇಳುತ್ತೇನೆ.

ಗಡಿಯಾರದ 12ಕ್ಕೆ ಅಳೆಯಬೇಡಿ. ನಮ್ಮ ಗಡಿಯಾರ ಓಡುವುದು 82.5 ಡಿಗ್ರಿ ಪೂರ್ವ ರೇಖಾಂಶದ ಸಮಯಕ್ಕೆ. ಬೆಂಗಳೂರು ಇರುವುದು 77.59ರಲ್ಲಿ. ಪ್ರತಿ ಡಿಗ್ರಿಗೆ 4 ನಿಮಿಷದಂತೆ ಇಲ್ಲಿ ಸೂರ್ಯ ನಡುನೆತ್ತಿಗೇರುವುದು ಸುಮಾರು 20 ನಿಮಿಷ ತಡ. ಇದರ ಮೇಲೆ, ಭೂಮಿಯ ಕಕ್ಷೆ ಪೂರ್ತಿ ವೃತ್ತವಲ್ಲದ್ದರಿಂದಲೂ ಅಕ್ಷ ವಾಲಿರುವುದರಿಂದಲೂ ಸೂರ್ಯ ಗಡಿಯಾರಕ್ಕಿಂತ ಕೆಲವು ತಿಂಗಳು ಮುಂದೆ, ಕೆಲವು ತಿಂಗಳು ಹಿಂದೆ ಇರುತ್ತದೆ. ಎರಡನ್ನೂ ಕೂಡಿಸಿದರೆ ಬೆಂಗಳೂರಿನ ನಡುಹಗಲು ಏಪ್ರಿಲ್ 24ರಂದು 12:18ಕ್ಕೆ, ಆಗಸ್ಟ್ 18ರಂದು 12:23ರ ಆಚೀಚೆ. ನವೆಂಬರ್ ಮೊದಲ ವಾರದಲ್ಲಿ 12:03ಕ್ಕೇ ಬಂದುಬಿಡುತ್ತದೆ, ಫೆಬ್ರುವರಿ ನಡುವಿನಲ್ಲಿ 12:34ರವರೆಗೆ ಜಾರುತ್ತದೆ.

ಈಗ ನಿಮ್ಮ ಅದೃಷ್ಟ ನೋಡಿ. ಬೀದರಿನ ರೇಖಾಂಶ 77.52. ಬೆಂಗಳೂರಿಗೂ ನಿಮಗೂ ನಡುಹಗಲಿನಲ್ಲಿ 17 ಸೆಕೆಂಡಿನ ವ್ಯತ್ಯಾಸವಷ್ಟೇ. ರಾಜ್ಯದ ಉತ್ತರದ ತುದಿಯ ಜಿಲ್ಲಾಕೇಂದ್ರವೂ ರಾಜಧಾನಿಯೂ ಬಹುಮಟ್ಟಿಗೆ ಒಂದೇ ಗೆರೆಯ ಮೇಲೆ ನಿಂತಿವೆ. ಈ ಪ್ರಯೋಗಕ್ಕೆ ಕರ್ನಾಟಕದೊಳಗೆ ಇದಕ್ಕಿಂತ ಒಳ್ಳೆಯ ಜೋಡಿ ಹುಡುಕುವುದು ಕಷ್ಟ.

ಹಾಗೆಂದು ಗಡಿಯಾರವನ್ನೇ ನಂಬಿ ಒಂದೇ ಚುಕ್ಕೆ ಹಾಕಬೇಡಿ. ನಡುಹಗಲಿಗೆ 20 ನಿಮಿಷ ಮೊದಲಿನಿಂದ 20 ನಿಮಿಷ ನಂತರದವರೆಗೆ, ಎರಡು ನಿಮಿಷಕ್ಕೊಂದರಂತೆ ಬಿಲ್ಲೆಯ ಮಧ್ಯ ಗುರುತಿಸಿ. ಬಿಲ್ಲೆ ಪಶ್ಚಿಮದಿಂದ ಪೂರ್ವಕ್ಕೆ ನಿಮಿಷಕ್ಕೆ 4ರಿಂದ 4.5 ಮಿ.ಮೀ. ಸರಿಯುತ್ತದೆ. ಎ3 ಹಾಳೆ ಸಾಕು. ಚುಕ್ಕೆಗಳನ್ನು ಕೂಡಿಸಿ ಗೆರೆ ಎಳೆಯಿರಿ, ಬುಡದಿಂದ ಆ ಗೆರೆಗೆ ಅತಿ ಹತ್ತಿರದ ದೂರ ಅಳೆಯಿರಿ. ಅದೇ ನಡುಹಗಲಿನ ನೆರಳು. ದಿಕ್ಸೂಚಿ ಬೇಡ, ಗಡಿಯಾರ ಹೆಚ್ಚುಕಮ್ಮಿ ಇದ್ದರೂ ನಡೆಯುತ್ತದೆ. ಒಂದು ಚುಕ್ಕೆ ಮೋಡದಲ್ಲಿ ತಪ್ಪಿಹೋದರೂ ಗೆರೆ ಉಳಿಯುತ್ತದೆ. ಬೆಂಗಳೂರಿನವರ ಗೆರೆ ಆ ದಿನ ಬುಡದ ಮೇಲೆಯೇ ಅಥವಾ 2–3 ಮಿ.ಮೀ. ಆಚೀಚೆ ಹಾದುಹೋಗುತ್ತದೆ. ಆಚೆ ಎಂದರೆ ಉತ್ತರಕ್ಕೋ ದಕ್ಷಿಣಕ್ಕೋ ಎಂಬುದನ್ನು ಅವರು ಬರೆದುಕೊಳ್ಳಲೇಬೇಕು.

ಯಾಕೆಂದರೆ ‘ಶೂನ್ಯ ನೆರಳು’ ಪೂರ್ತಿ ಶೂನ್ಯವಲ್ಲ. ಏಪ್ರಿಲ್ ಕೊನೆಯಲ್ಲಿ ಸೂರ್ಯ ದಿನಕ್ಕೆ ಸುಮಾರು ಮೂರನೇ ಒಂದು ಡಿಗ್ರಿ ಉತ್ತರಕ್ಕೆ ಸರಿಯುತ್ತದೆ. ನಡುಹಗಲಿಗೆ ಸರಿಯಾಗಿ ಬೆಂಗಳೂರಿನ ಅಕ್ಷಾಂಶ 12.97ರ ಮೇಲೇ ಇರಬೇಕೆಂದು ಅದಕ್ಕೆ ಯಾರೂ ಹೇಳಿಲ್ಲ. ಒಂದು ವರ್ಷ 24, ಇನ್ನೊಂದು ವರ್ಷ 25 ಆಗುವುದು ಇದರಿಂದಲೇ.

ಈಗ ಮುಖ್ಯ ಮಾತಿಗೆ ಬರುತ್ತೇನೆ. ನಿಮ್ಮ ಲೆಕ್ಕಕ್ಕೆ ಶೂನ್ಯ ನೆರಳು ಬೇಕಾಗಿಯೇ ಇಲ್ಲ. ಬೇಕಾದದ್ದು ಒಂದೇ ದಿನ ಎರಡು ಊರಿನಲ್ಲಿ ಅಳೆದ ಕೋನಗಳ ವ್ಯತ್ಯಾಸ. ಸೂರ್ಯನ ಕಿರಣಗಳು ಎರಡೂ ಊರಿಗೆ ಸಮಾಂತರವಾಗಿ ಬರುತ್ತವೆ, ಭೂಮಿ ಬಾಗಿರುವುದರಿಂದ ಎರಡೂರಿನ ತೂಕಗುಂಡುಗಳು ಬೇರೆ ಬೇರೆ ದಿಕ್ಕಿಗೆ ಇಳಿಯುತ್ತವೆ. ಆ ಎರಡು ದಾರಗಳ ನಡುವಿನ ಕೋನ ಜನವರಿಯಲ್ಲೂ 4.94 ಡಿಗ್ರಿ, ಜುಲೈಯಲ್ಲೂ 4.94 ಡಿಗ್ರಿ. ಒಂದೂರಿನಲ್ಲಿ ಶೂನ್ಯ ಇದ್ದರೆ ಕಳೆಯುವ ಕೆಲಸ ತಪ್ಪುತ್ತದೆ, ಅಷ್ಟೇ ಲಾಭ.

ಏಪ್ರಿಲ್ ಕೊನೆಯಲ್ಲಿ ಶಾಲೆಗಳಿಗೆ ಬೇಸಿಗೆ ರಜೆ. ಆಗಸ್ಟಿನಲ್ಲಿ ಮೋಡ. ಹಾಗಾಗಿ ನಾನಾಗಿದ್ದರೆ ಮಾರ್ಚ್ 20 ಅಥವಾ 21 ಆರಿಸುತ್ತಿದ್ದೆ. ಹಗಲು ರಾತ್ರಿ ಸಮನಾಗುವ ದಿನಗಳಲ್ಲಿ ಬಿಲ್ಲೆಯ ಹಾದಿ ಕಾಗದದ ಮೇಲೆ ನೇರ ಗೆರೆಯಾಗಿಯೇ ಬರುತ್ತದೆ, ಉಳಿದ ದಿನ ಚೂರು ಬಾಗಿರುತ್ತದೆ. ನೇರ ಗೆರೆಗೆ ಬುಡದಿಂದ ಲಂಬ ಎಳೆಯುವುದು ಮಕ್ಕಳಿಗೆ ಗೊತ್ತಿರುವ ಕೆಲಸ. ಅಂದು ನಡುಹಗಲು ಎರಡೂ ಊರಿನಲ್ಲಿ 12:27ರ ಸುಮಾರಿಗೆ. ಒಂದು ಮೀಟರ್ ಎತ್ತರಕ್ಕೆ ಬೆಂಗಳೂರಿನಲ್ಲಿ ಸುಮಾರು 230 ಮಿ.ಮೀ., ಬೀದರಿನಲ್ಲಿ ಸುಮಾರು 323 ಮಿ.ಮೀ. ಬರಬೇಕು. ಡಿಸೆಂಬರಿನ ಸ್ವಚ್ಛ ಆಕಾಶ ನೋಡಿ ಆಸೆಪಡಬೇಡಿ. ಆಗ ನೆರಳು 700–900 ಮಿ.ಮೀ. ಉದ್ದ, ಬಿಲ್ಲೆ ಮೊಟ್ಟೆಯ ಹಾಗೆ ಹಿಗ್ಗಿರುತ್ತದೆ, ತಾರಸಿಯ ಇಳಿಜಾರಿನ ತಪ್ಪು ಮತ್ತೆ ಬಂದು ಕೂರುತ್ತದೆ. ನೂರಕ್ಕೆ ಒಂದರ ಇಳಿಜಾರಿಗೆ ಬೀದರಿನ ಕೋನದಲ್ಲಿ ಕಾಲು ಡಿಗ್ರಿ ತಪ್ಪು ಬರುತ್ತದೆ, ಸುತ್ತಳತೆಯಲ್ಲಿ ಅದು ನೂರಕ್ಕೆ ಐದು.

ಕೋಟೆಯೂರು

ಶೂನ್ಯ ನೆರಳು ಬೇಕಿಲ್ಲ ಎಂದ ಮೇಲೆ ಅರ್ಧ ತಲೆನೋವು ಇಳಿಯಿತು. ಮಾರ್ಚ್ 20ಕ್ಕೆ ಮುಖ್ಯ ಅಳತೆ, ಮೋಡವಾದರೆ 21. ಮೂರು ಅನುಮಾನ ಉಳಿದಿವೆ. ಕೋನ ತೆಗೆಯಲು ಕೋನಮಾಪಕ ಸಾಕೆ? ದೂರ ಎಲ್ಲಿಂದ ತೆಗೆದುಕೊಳ್ಳಬೇಕು, ರಸ್ತೆಯದೇ? ಮಂಗಳೂರಿನವರ ಅಳತೆಯನ್ನು ಎಲ್ಲಿ ಸೇರಿಸುವುದು?

ತೂಕಗುಂಡು

ಕೋನಮಾಪಕ ಬೇಡ. ಕಂಪಾಸು ಪೆಟ್ಟಿಗೆಯ ಕೋನಮಾಪಕದಲ್ಲಿ ಅರ್ಧ ಡಿಗ್ರಿ ಓದುವುದೇ ಹೆಚ್ಚು. ನಿಮ್ಮ ಉತ್ತರ 5 ಡಿಗ್ರಿ ಆಸುಪಾಸಿನದು, ಅರ್ಧ ಡಿಗ್ರಿ ಎಂದರೆ ಅಲ್ಲೇ ನೂರಕ್ಕೆ ಹತ್ತು ಹೋಯಿತು. ಫೋನಿನ ಕ್ಯಾಲ್ಕುಲೇಟರನ್ನು ಅಡ್ಡ ತಿರುಗಿಸಿದರೆ ಬಹುತೇಕ ಫೋನುಗಳಲ್ಲಿ ವೈಜ್ಞಾನಿಕ ಗುಂಡಿಗಳು ಬರುತ್ತವೆ. ನೆರಳನ್ನು ಎತ್ತರದಿಂದ ಭಾಗಿಸಿ, ಟ್ಯಾನ್ ವಿಲೋಮ (tan⁻¹ ಗುಂಡಿ) ಒತ್ತಿ. ಅದಕ್ಕೆ ಮೊದಲು ಕ್ಯಾಲ್ಕುಲೇಟರ್ ಡಿಗ್ರಿಯಲ್ಲಿದೆಯೋ, ಕೋನದ ಇನ್ನೊಂದು ಮಾನವಾದ ರೇಡಿಯನ್‌ನಲ್ಲಿದೆಯೋ ನೋಡಿಕೊಳ್ಳಿ. 17.9ರ ಬದಲು 0.31 ಬಂತೆಂದರೆ ರೇಡಿಯನ್‌ನಲ್ಲಿದೆ.

ತ್ರಿಕೋನಮಿತಿ ಬೇಡವೇ ಬೇಡ ಎನ್ನುವುದಾದರೆ ಏಪ್ರಿಲ್ 24ರ ಅಳತೆಗೆ ಒಂದು ಅಡ್ಡದಾರಿ ಇದೆ: ನೆರಳು ÷ ಎತ್ತರ × 57.3. ಸಣ್ಣ ಕೋನಗಳಲ್ಲಿ ಇದು ಸಾಕಷ್ಟು ಸರಿ, 5 ಡಿಗ್ರಿಯಲ್ಲಿ ತಪ್ಪು ನೂರಕ್ಕೆ ಕಾಲರಷ್ಟು. ಮಾರ್ಚಿನ 13, 18 ಡಿಗ್ರಿಗಳಿಗೆ ಇದನ್ನು ಬಳಸಬೇಡಿ.

ಲೆಕ್ಕ ಹೀಗೆ ಹೋಗುತ್ತದೆ. ಬೀದರ್ 323/1000, ಕೋನ 17.90. ಬೆಂಗಳೂರು 230/1000, ಕೋನ 12.95. ವ್ಯತ್ಯಾಸ 4.95. ಉತ್ತರ–ದಕ್ಷಿಣ ದೂರ 547 ಕಿ.ಮೀ. 547 × 360 ÷ 4.95 = 39,780 ಕಿ.ಮೀ. ಈಗ ಬೀದರಿನವರು 323ರ ಬದಲು 321 ಓದಿದರೆ? ವ್ಯತ್ಯಾಸ 4.85ಕ್ಕಿಳಿದು ಸುತ್ತಳತೆ 40,600ಕ್ಕೆ ಹಾರುತ್ತದೆ. ಎರಡು ಮಿಲಿಮೀಟರಿಗೆ 800 ಕಿಲೋಮೀಟರ್. ಈ ಲೆಕ್ಕವನ್ನು ಮಕ್ಕಳಿಂದ ಅಳತೆಗೆ ಮೊದಲೇ ಮಾಡಿಸಿ. ಆಮೇಲೆ ಮೇಜು ಅಲ್ಲಾಡಿಸಬೇಡಿ ಎಂದು ನೀವು ಕೂಗುವ ಅಗತ್ಯ ಬರುವುದಿಲ್ಲ.

ಉತ್ತರ ಸರಿಯಾಗಿ 40,000 ಬರಬೇಕೆಂದು ಹಟ ಹಿಡಿಯಬೇಡಿ. ಧ್ರುವಗಳ ಮೂಲಕ ಭೂಮಿಯ ಸುತ್ತಳತೆ 40,008 ಕಿ.ಮೀ. ನಿಜ. ಆದರೆ ಭೂಮಿ ಧ್ರುವಗಳಲ್ಲಿ ಚಪ್ಪಟೆ. ಹಾಗಾಗಿ ಒಂದು ಡಿಗ್ರಿ ಅಕ್ಷಾಂಶದ ಉದ್ದ ಎಲ್ಲ ಕಡೆ ಒಂದೇ ಅಲ್ಲ: ನಮ್ಮ ಸೀಮೆಯಲ್ಲಿ ಸುಮಾರು 110.65 ಕಿ.ಮೀ., ಧ್ರುವದ ಹತ್ತಿರ 111.7. ಕರ್ನಾಟಕದಲ್ಲಿ ನಿಂತು ತಪ್ಪೇ ಇಲ್ಲದೆ ಅಳೆದರೂ ಬರುವುದು 39,830ರ ಆಸುಪಾಸು.

ದೂರದ ಪ್ರಶ್ನೆ ನೋಡಲು ಸುಲಭ, ಒಳಗೆ ಗಂಟಿದೆ. ರಸ್ತೆಯ ದೂರ ಖಂಡಿತ ಬೇಡ, ರಸ್ತೆ ಸುತ್ತಿಬಳಸಿ ಹೋಗುತ್ತದೆ. ಫೋನಿನ ನಕ್ಷೆಯಲ್ಲಿ ಎರಡು ಬಿಂದು ಒತ್ತಿದರೆ ನೇರ ದೂರ ಬರುತ್ತದೆ, ಆದರೆ ಆ ನಕ್ಷೆ ಭೂಮಿಯ ಅಳತೆಯನ್ನು ಮೊದಲೇ ತಿಳಿದುಕೊಂಡು ದೂರ ಹೇಳುತ್ತಿದೆ. ‘ಒಂದು ಡಿಗ್ರಿಗೆ 111 ಕಿ.ಮೀ.’ ಎಂದು ಗುಣಿಸುವುದಂತೂ ಉತ್ತರವನ್ನೇ ಪ್ರಶ್ನೆಯೊಳಗೆ ತುರುಕಿದಂತೆ, 111 × 360 ಎಂದರೇ 39,960. ಸ್ವಲ್ಪ ಚೂಟಿಯಾದ ಹುಡುಗಿ ಇದನ್ನು ಕೇಳಿಯೇ ಕೇಳುತ್ತಾಳೆ. ಸರ್ವೆ ಆಫ್ ಇಂಡಿಯಾದ ಅಚ್ಚಾದ ನಕ್ಷೆಯ ಮೇಲೆ ಅಳತೆಪಟ್ಟಿ ಇಟ್ಟು ಮಾನದಿಂದ ಗುಣಿಸಿ ದೂರ ತೆಗೆಸಿ. ಆ ನಕ್ಷೆಗಳ ಬುಡದಲ್ಲಿರುವುದು ನೆಲದ ಮೇಲೆ ಸರಪಳಿ ಹಾಸಿ ಅಳೆದ ಆಧಾರರೇಖೆಗಳು. ಬ್ರಿಟಿಷ್ ಸರ್ವೆ ಅಧಿಕಾರಿ ವಿಲಿಯಂ ಲ್ಯಾಂಬ್ಟನ್ 1802ರಲ್ಲಿ ಮದರಾಸಿನ ಸೇಂಟ್ ಥಾಮಸ್ ಮೌಂಟ್ ಹತ್ತಿರ ಅಂಥದೊಂದು ರೇಖೆ ಅಳೆದು, ಆಮೇಲೆ 78ನೇ ರೇಖಾಂಶದ ಆಸುಪಾಸಿನಲ್ಲಿ ತ್ರಿಕೋನಗಳ ಸಾಲನ್ನು ಉತ್ತರಕ್ಕೆ ಬೆಳೆಸುತ್ತ ಹೋದ. ಒಂದು ಡಿಗ್ರಿಯ ಉದ್ದ ನೆಲದ ಮೇಲೆ ಎಷ್ಟು ಎಂಬುದು ಅವನ ದೊಡ್ಡ ಪ್ರಶ್ನೆಗಳಲ್ಲೊಂದು. ನಿಮ್ಮ ಬೀದರ್–ಬೆಂಗಳೂರು ಗೆರೆ ಅದರ ಪಕ್ಕದಲ್ಲೇ ಹಾದುಹೋಗುತ್ತದೆ.

ಕಡಲತಡಿ

ಮಂಗಳೂರಿನ ಬಗ್ಗೆ ನಾನು ಹೇಳ್ತೇನೆ. ಮೊದಲು ಮಾಡಬಾರದ್ದು.

ಮಂಗಳೂರು–ಬೆಂಗಳೂರು ಜೋಡಿಯ ನೆರಳಿನಿಂದ ಸುತ್ತಳತೆ ಬರುವುದಿಲ್ಲ. ಮಂಗಳೂರಿನ ಅಕ್ಷಾಂಶ 12.87, ಬೆಂಗಳೂರಿನದು 12.97. ನಡುಹಗಲಿನ ನೆರಳು ಎರಡೂ ಕಡೆ ಬಹುತೇಕ ಒಂದೇ. ಒಂದು ಮೀಟರಿಗೆ ವ್ಯತ್ಯಾಸ ಎರಡು ಮಿ.ಮೀ. ಇದ್ದರೆ ಹೆಚ್ಚು.

ಮಂಗಳೂರು–ಬೀದರ್ ಜೋಡಿ ಇನ್ನೂ ಅಪಾಯ, ಯಾಕೆಂದರೆ ಅದರಲ್ಲಿ ಉತ್ತರ ಬರುತ್ತದೆ, ತಪ್ಪು ಉತ್ತರ. ಅಕ್ಷಾಂಶದ ವ್ಯತ್ಯಾಸ 5.04 ಡಿಗ್ರಿ, ನಕ್ಷೆಯಲ್ಲಿ ನೇರ ದೂರ ಸುಮಾರು 627 ಕಿ.ಮೀ. ಹಾಗೇ ಲೆಕ್ಕ ಹಾಕಿದರೆ ಭೂಮಿ 44,800 ಕಿ.ಮೀ. ಆಗಿಬಿಡುತ್ತದೆ. 627 ಓರೆಯಾಗಿ ಹೋದ ದೂರ, ಬೇಕಾದದ್ದು ಅದರ ಉತ್ತರ–ದಕ್ಷಿಣ ಭಾಗ ಮಾತ್ರ, ಸುಮಾರು 558. ಎರಟೋಸ್ಥೆನಿಸ್ ಆರಿಸಿಕೊಂಡ ಈಜಿಪ್ಟಿನ ಜೋಡಿಯಲ್ಲಿ ಅಲೆಕ್ಸಾಂಡ್ರಿಯಾ ಕೂಡ ಸೈಯೀನ್‌ಗೆ, ಅಂದರೆ ಈಗಿನ ಆಸ್ವಾನ್‌ಗೆ, ನೇರ ಉತ್ತರದಲ್ಲಿಲ್ಲ. ಮೂರು ಡಿಗ್ರಿ ಪಶ್ಚಿಮಕ್ಕೆ ಇದೆ. ಎರಟೋಸ್ಥೆನಿಸನ ಲೆಕ್ಕದಲ್ಲಿ ಕೋನ ವೃತ್ತದ ಐವತ್ತನೇ ಒಂದು ಭಾಗ, ದೂರ 5,000 ಸ್ಟೇಡಿಯಾ (ಅಂದಿನ ಗ್ರೀಕರ ದೂರದ ಮಾನ). ಗೆರೆ ನೇರ ಎಂಬುದು ಅವನ ಊಹೆ.

ಹಾಗಾದರೆ ಮಂಗಳೂರಿನವರಿಗೆ ಕೆಲಸವೇನು? ಅವರಿಗೆ ನೆರಳಿನ ಉದ್ದ ಬಿಟ್ಟು ಹೊತ್ತನ್ನು ಅಳೆಯಲು ಕೊಡಿ. ಮಂಗಳೂರಿನ ರೇಖಾಂಶ 74.84, ಬೆಂಗಳೂರಿಗಿಂತ 2.75 ಡಿಗ್ರಿ ಪಶ್ಚಿಮ. ಅಲ್ಲಿ ನಡುಹಗಲು 11 ನಿಮಿಷ ತಡವಾಗಿ, ಮಾರ್ಚ್ 20ರಂದು 12:38ರ ಸುಮಾರಿಗೆ ಬರುತ್ತದೆ.

ನಡುಹಗಲಿನ ಕ್ಷಣವನ್ನು ‘ನೆರಳು ಅತಿ ಗಿಡ್ಡವಾದಾಗ’ ಎಂದು ಹಿಡಿಯಲು ಹೋದರೆ ಎರಡು ಮೂರು ನಿಮಿಷ ತಪ್ಪುತ್ತದೆ, ಆ ಹೊತ್ತಿನಲ್ಲಿ ಉದ್ದ ಬದಲಾಗುವುದೇ ಇಲ್ಲ ಎನ್ನುವಷ್ಟು ನಿಧಾನ. ಬುಡವನ್ನು ಕೇಂದ್ರವಾಗಿಟ್ಟು 32, 35, 38 ಸೆಂ.ಮೀ. ತ್ರಿಜ್ಯದ ಮೂರು ವೃತ್ತ ಎಳೆಯಿರಿ. ಇದಕ್ಕೆ ಎ3 ಸಾಲದು, ಬಿಳಿ ಚಾರ್ಟ್ ಹಾಳೆ ಬೇಕು. ಬಿಲ್ಲೆಯ ಮಧ್ಯ ಪ್ರತಿ ವೃತ್ತವನ್ನು ಬೆಳಗಿನ ಕಡೆ ದಾಟಿದ ಸಮಯ, ಮಧ್ಯಾಹ್ನದ ಕಡೆ ದಾಟಿದ ಸಮಯ, ಎರಡನ್ನೂ ಸೆಕೆಂಡಿನವರೆಗೆ ಬರೆದುಕೊಳ್ಳಿ. ಎರಡರ ನಡುಸಮಯವೇ ನಡುಹಗಲು. 35 ಸೆಂ.ಮೀ. ವೃತ್ತವನ್ನು ಬಿಲ್ಲೆ ನಡುಹಗಲಿಗೆ ಸುಮಾರು ಒಂದು ಗಂಟೆ ಮೊದಲು ಮತ್ತು ಒಂದು ಗಂಟೆ ನಂತರ ದಾಟುತ್ತದೆ, ಹಾಗಾಗಿ 11:20ಕ್ಕೇ ಸಿದ್ಧರಿರಬೇಕು. ಮೂರು ವೃತ್ತಗಳ ಉತ್ತರದ ಸರಾಸರಿ ತೆಗೆದರೆ ಹದಿನೈದು ಸೆಕೆಂಡಿನ ಒಳಗೆ ಸಿಗುತ್ತದೆ. ಬೆಂಗಳೂರಿನವರೂ ಇದೇ ರೀತಿ ಮಾಡಬೇಕು, ಫೋನಿನ ಸಮಯ ಎರಡೂ ಕಡೆ ನೆಟ್‌ವರ್ಕ್‌ನಿಂದಲೇ ಬರುತ್ತಿರಬೇಕು. ಗೋಡೆ ಗಡಿಯಾರ ನಂಬಬೇಡಿ.

11 ನಿಮಿಷ ಎಂದರೆ 2.75 ಡಿಗ್ರಿ. ಪೂರ್ವ–ಪಶ್ಚಿಮ ದೂರ ಸುಮಾರು 298 ಕಿ.ಮೀ. 298 × 360 ÷ 2.75 ಮಾಡಿದರೆ ಸುಮಾರು 39,000. ಇದು ಸಮಭಾಜಕದ ಸುತ್ತಳತೆಯಲ್ಲ, 13 ಡಿಗ್ರಿ ಅಕ್ಷಾಂಶದಲ್ಲಿ ಭೂಮಿಯ ಸುತ್ತ ಎಳೆದ ಚಿಕ್ಕ ವೃತ್ತ. ಸಮಭಾಜಕಕ್ಕೆ ಹೋಗಬೇಕಾದರೆ 0.974ರಿಂದ ಭಾಗಿಸಿ. ಬೀದರ್ ಗೆರೆ ಒಂದು ದಿಕ್ಕಿನಿಂದ, ಮಂಗಳೂರು ಗೆರೆ ಇನ್ನೊಂದು ದಿಕ್ಕಿನಿಂದ, ಎರಡೂ 40,000ದ ಹತ್ತಿರ ಬಂದರೆ ಮಕ್ಕಳಿಗೆ ಭೂಮಿ ಚೆಂಡಿನಂತಿದೆ ಎನ್ನಲು ಪಠ್ಯಪುಸ್ತಕ ಬೇಕಾಗುವುದಿಲ್ಲ.

ರೇಖಾಂಶ77

ಮೇಲಿನದಕ್ಕೆ ಒಂದು ಎಚ್ಚರಿಕೆ. ಹೊತ್ತಿನ ಅಳತೆ ನೆರಳಿನಷ್ಟು ಬಿಗಿಯಾಗಿರುವುದಿಲ್ಲ. 11 ನಿಮಿಷದಲ್ಲಿ 20 ಸೆಕೆಂಡ್ ತಪ್ಪಿದರೆ ನೂರಕ್ಕೆ ಮೂರು ಹೋಗುತ್ತದೆ. 38,800 ಬಂದರೂ ಒಪ್ಪಿಕೊಳ್ಳಿ, ಬೇಕಾದ ಉತ್ತರದ ಕಡೆಗೆ ಚುಕ್ಕೆ ಜರುಗಿಸುವ ಅಭ್ಯಾಸ ಮಾತ್ರ ಮಕ್ಕಳಿಗೆ ಬರದಿರಲಿ.

ಶೂನ್ಯ ನೆರಳಿನ ದಿನವನ್ನು ನೋಡುವ ಸಲುವಾಗಿಯೇ ನೋಡುವವರಿಗೆ ದಿನಾಂಕ: ಮೈಸೂರು ಏಪ್ರಿಲ್ 22ರ ಸುಮಾರು, ಮಂಗಳೂರು 24, ಉಡುಪಿ 25, ಶಿವಮೊಗ್ಗ 27, ಬಳ್ಳಾರಿ ಮೇ 1, ಹುಬ್ಬಳ್ಳಿ ಮೇ 2, ವಿಜಯಪುರ ಮೇ 7, ಕಲಬುರಗಿ ಮೇ 9, ಬೀದರ್ ಮೇ 11. ವರ್ಷಕ್ಕೆ ತಕ್ಕಂತೆ ಒಂದು ದಿನ ಆಚೀಚೆ. ಎರಡನೇ ಸಲ ಬರುವುದು ಆಗಸ್ಟಿನಲ್ಲಿ, ಹಿಂದುಮುಂದಾಗಿ: ಬೀದರಿಗೆ 1ನೇ ತಾರೀಕಿನ ಸುಮಾರು, ಬೆಂಗಳೂರಿಗೆ 18, ಮೈಸೂರಿಗೆ 20. ಜೂನ್ 21ರಿಂದ ಎಣಿಸಿದರೆ ಹಿಂದಕ್ಕೂ ಮುಂದಕ್ಕೂ ದಿನಗಳು ಸಮ. ಬೆಂಗಳೂರಿಗೆ ಎರಡೂ ಕಡೆ 58. ನಿಮ್ಮೂರಿನ ನಿಖರ ದಿನ ಮತ್ತು ಸಮಯ ಬೇಕಿದ್ದರೆ ಆಸ್ಟ್ರಾನಾಮಿಕಲ್ ಸೊಸೈಟಿ ಆಫ್ ಇಂಡಿಯಾದವರ ಲೆಕ್ಕ ಅಂತರ್ಜಾಲದಲ್ಲಿ ಸಿಗುತ್ತದೆ.

ಆ ದಿನ ಅಳತೆಗೆ ಕೋಲು ಬೇಡವೆಂದರೂ ಚಿಕ್ಕ ಮಕ್ಕಳಿಗೆ ತೋರಿಸಲು ನಿಮ್ಮ ಪಿವಿಸಿ ಪೈಪು ಚೆನ್ನಾಗಿರುತ್ತದೆ. ಎರಡಿಂಚಿನ ಪೈಪನ್ನು ಪಕ್ಕದಲ್ಲಿ ಗುಂಡು ಬಿಟ್ಟು ನೆಟ್ಟಗೆ ನಿಲ್ಲಿಸಿ, ಬುಡದಲ್ಲಿ ಬಿಳಿ ಕಾಗದ ಇಟ್ಟು, ಬುಡದ ಹತ್ತಿರ ಪೈಪಿನ ಪಕ್ಕಕ್ಕೆ ಕತ್ತರಿಸಿದ ಕಿಂಡಿಯಿಂದ ನೋಡಲಿ. ನಡುಹಗಲಿಗೆ ಕಾಗದದ ಮೇಲೆ ಪೂರ್ತಿ ವೃತ್ತ ಬೆಳಗುತ್ತದೆ, ಎರಡು ಮೂರು ನಿಮಿಷದಲ್ಲಿ ಅರ್ಧಚಂದ್ರದಂತೆ ಸವೆಯತೊಡಗುತ್ತದೆ. ಪೈಪಿನ ಮೇಲ್ತುದಿಯಿಂದಾಗಲಿ, ತಗಡಿನ ತೂತಿನಿಂದಾಗಲಿ ಯಾರೂ ಸೂರ್ಯನ ಕಡೆ ಕಣ್ಣಿಡದಂತೆ ಒಬ್ಬರು ದೊಡ್ಡವರು ಪಕ್ಕದಲ್ಲೇ ನಿಂತಿರಬೇಕು.

ಕೋಟೆಯೂರು

ಮೇ 11ರಂದು ಬೀದರಿನಲ್ಲಿ ಶೂನ್ಯವಾದರೆ ಅಂದು ಬೆಂಗಳೂರಿನಲ್ಲಿ ನೆರಳು ಎಷ್ಟಿರುತ್ತದೆ? ಏಪ್ರಿಲ್ 24ರ ನಮ್ಮ ನೆರಳಿನಷ್ಟೇನಾ?

ತೂಕಗುಂಡು

ಅಷ್ಟೇ, 86 ಮಿ.ಮೀ. ಆಸುಪಾಸು. ಆದರೆ ದಕ್ಷಿಣಕ್ಕೆ ಬಿದ್ದಿರುತ್ತದೆ. ಏಪ್ರಿಲ್ 25ರಿಂದ ಆಗಸ್ಟ್ 18ರವರೆಗೆ ಬೆಂಗಳೂರಿನಲ್ಲಿ ನಡುಹಗಲಿನ ಸೂರ್ಯ ನೆತ್ತಿಯಿಂದ ಉತ್ತರಕ್ಕಿರುತ್ತದೆ. ಆ ದಿನ ಅಳೆಯುವುದಾದರೆ ಅವರು ಮೇಜು ತಿರುಗಿಸಿ, ಹಲಗೆಯನ್ನು ದಕ್ಷಿಣಕ್ಕೆ ಚಾಚಬೇಕು, ಇಲ್ಲದಿದ್ದರೆ ಬಿಲ್ಲೆ ಮೇಜಿನ ಕಾಲುಗಳ ನಡುವೆ ಬೀಳುತ್ತದೆ.